ಕಾಡು ಪುರಲೆಯೋ ಕಲ್ಲು ಪುರಲೆಯೋ: ಗಂಟಲು ನೋಡಿ ಹೇಳುವ ಬಗೆ

ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಕಾಲುದಾರಿ ಹಿಡಿದು ಹೊರಟಿರುತ್ತೀರಿ. ಇಟ್ಟ ಹೆಜ್ಜೆಯ ಬುಡದಿಂದಲೇ ಬರ್ರೆಂದು ಹತ್ತು-ಹನ್ನೆರಡು ಹಕ್ಕಿಗಳು ಏಳುತ್ತವೆ, ದಿಕ್ಕಿಗೊಂದರಂತೆ ಚದುರುತ್ತವೆ, ಝಲ್ಲೆಂದ ಎದೆ ತಹಬಂದಿಗೆ ಬರುವ ಮೊದಲೇ ಹುಲ್ಲಿನೊಳಗೆ ಇಳಿದು ಮಾಯವಾಗುತ್ತವೆ. ಪುರಲೆ ಹಕ್ಕಿ ಎಂದು ಯಾರು ಬೇಕಾದರೂ ಹೇಳಿಯಾರು. ಯಾವ ಪುರಲೆ ಎಂದು ಕೇಳಿದರೆ ಮಾತ್ರ ಹಕ್ಕಿ ನೋಡುವವರ ಗುಂಪಿನಲ್ಲಿ ಮೌನ, ಇಲ್ಲವೇ ಜಗಳ.

ಕರ್ನಾಟಕದ ಒಣನಾಡಿನಲ್ಲಿ ಒಂದನ್ನೊಂದು ಬಹಳ ಹೋಲುವ ಎರಡು ಪುರಲೆಗಳಿವೆ. ಇಂಗ್ಲಿಷಿನಲ್ಲಿ ಒಂದು ಜಂಗಲ್ ಬುಷ್ ಕ್ವೇಲ್, ಇನ್ನೊಂದು ರಾಕ್ ಬುಷ್ ಕ್ವೇಲ್. ವೈಜ್ಞಾನಿಕವಾಗಿ ಮೊದಲನೆಯದು ಪರ್ಡಿಕ್ಯುಲಾ ಏಷಿಯಾಟಿಕಾ, ಎರಡನೆಯದು ಪರ್ಡಿಕ್ಯುಲಾ ಅರ್ಗೂಂಡಾ. ಊರುಗಳಲ್ಲಿ ಎರಡನ್ನೂ ಸೇರಿಸಿ ಪುರಲೆ ಅನ್ನುತ್ತಾರೆ, ಕೆಲವು ಕಡೆ ಬುರ್ಲಿ, ಲಾವುಗೆ, ಲಾವಕ್ಕಿ. ಉರುಲು ಹಾಕಿ ಹಿಡಿದು ತಿನ್ನುತ್ತಿದ್ದವರಿಗೆ ಇವೆರಡನ್ನು ಬೇರೆ ಮಾಡುವ ದರ್ದೇನೂ ಇರಲಿಲ್ಲವಲ್ಲ. ಇಲ್ಲಿ ಅನುಕೂಲಕ್ಕಾಗಿ ಮೊದಲನೆಯದನ್ನು ಕಾಡು ಪುರಲೆ, ಎರಡನೆಯದನ್ನು ಕಲ್ಲು ಪುರಲೆ ಎಂದು ಕರೆಯುತ್ತೇನೆ. ಆದರೆ ಈ ಹೆಸರುಗಳನ್ನೇ ನಂಬಿ, ಕಾಡಿನಲ್ಲಿ ಕಂಡದ್ದೆಲ್ಲ ಕಾಡು ಪುರಲೆ, ಬಂಡೆಯ ಹತ್ತಿರ ಕಂಡದ್ದೆಲ್ಲ ಕಲ್ಲು ಪುರಲೆ ಎಂದುಕೊಂಡರೆ ಕೆಟ್ಟಿರಿ. ಆ ಮಾತು ಮುಂದೆ ಬರುತ್ತದೆ.

ಹೋಲಿಕೆ ಎಷ್ಟರ ಮಟ್ಟಿಗಿನದು ಎಂದು ಮೊದಲು ನೋಡಿಬಿಡೋಣ. ಎರಡೂ ಸುಮಾರು 17 ಸೆಂ.ಮೀ. ಉದ್ದದವು. ಮೈನಾಗಿಂತ ಚಿಕ್ಕವು, ದುಂಡನೆಯವು, ಬಾಲ ಇದೆಯೋ ಇಲ್ಲವೋ ಎನ್ನುವಂಥ ಮೈಕಟ್ಟು. ಎರಡೂ ಗುಂಪಿನಲ್ಲಿ ಬಾಳುತ್ತವೆ. ಐದಾರು ಹಕ್ಕಿಗಳಿಂದ ಇಪ್ಪತ್ತರವರೆಗೂ ಒಂದೊಂದು ಗುಂಪು. ಎರಡೂ ಹುಲ್ಲಿನ ಬೀಜ, ಹೊಲದಂಚಿಗೆ ಉದುರಿದ ಸಜ್ಜೆ-ನವಣೆಯ ಕಾಳು, ಗೆದ್ದಲು, ಸಣ್ಣಪುಟ್ಟ ಹುಳ ತಿನ್ನುತ್ತವೆ. ಹುಲ್ಲುಗಂಟಿಯ ಬುಡದಲ್ಲಿ ನೆಲ ಕೆದರಿ ಮಾಡಿದ ಗುಳಿಯೇ ಗೂಡು. ಅದರಲ್ಲಿ ನಾಲ್ಕರಿಂದ ಎಂಟು ಕೆನೆಬಿಳುಪಿನ ಮೊಟ್ಟೆ. ಎರಡರಲ್ಲೂ ಗಂಡಿನ ಎದೆ-ಹೊಟ್ಟೆಗೆ ಕಪ್ಪು-ಬಿಳಿ ಅಡ್ಡಪಟ್ಟೆ, ಹೆಣ್ಣಿಗೆ ಪಟ್ಟೆಯಿಲ್ಲದ ಸಾದಾ ಹೊಟ್ಟೆ. ಪುಸ್ತಕದ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಈ ಪಟ್ಟೆಯೇ. ಜಾತಿ ಹೇಳಲು ಕಿಂಚಿತ್ತೂ ನೆರವಿಗೆ ಬಾರದ್ದೂ ಇದೇ ಪಟ್ಟೆ.

ಮೊದಲು ಅದು ಪುರಲೆ ಹೌದೇ?

ಕಾಡು-ಕಲ್ಲುಗಳ ಜಗಳಕ್ಕೆ ಇಳಿಯುವ ಮುನ್ನ ಬೇರೆ ಕೆಲವನ್ನು ಕೈಬಿಡಬೇಕು. ನೆಲದ ಮೇಲೆ ಓಡಾಡುವ ಕಂದು ಬಣ್ಣದ ದುಂಡು ಹಕ್ಕಿಗಳು ನಮ್ಮಲ್ಲಿ ಇವೆರಡೇ ಅಲ್ಲ.

ಹೆಚ್ಚು ದಾರಿ ತಪ್ಪಿಸುವುದು ಬಟನ್ ಕ್ವೇಲ್. ಹೆಸರಿನಲ್ಲಿ ಕ್ವೇಲ್ ಇದ್ದರೂ ಇದು ಕೋಳಿಯ ಕುಲದ್ದಲ್ಲ, ಕಡಲಕ್ಕಿ-ಉಲ್ಲಂಕಿಗಳ ದೊಡ್ಡ ಬಳಗಕ್ಕೆ ಸೇರಿದ್ದು. ಇದರ ಕಾಲಿನಲ್ಲಿ ಮೂರೇ ಬೆರಳು, ಹಿಂಬೆರಳು ಇಲ್ಲ. ಪುರಲೆಗೆ ನಾಲ್ಕು. ಬಯಲಿನಲ್ಲಿ ಬೆರಳು ಎಣಿಸುತ್ತ ಕೂರುವುದು ಆಗದ ಮಾತು ಅನ್ನಿ. ಆದರೆ ಬಟನ್ ಕ್ವೇಲ್ ಸಾಮಾನ್ಯವಾಗಿ ಒಂಟಿಯಾಗಿಯೋ ಜೋಡಿಯಾಗಿಯೋ ಕಾಣುತ್ತದೆ, ಅದರ ಕಣ್ಣು ಬಿಳಿಚಿಕೊಂಡಂತೆ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾದ ಪಟ್ಟೆ ಬಟನ್ ಕ್ವೇಲ್‌ನಲ್ಲಿ ಹೆಣ್ಣೇ ದೊಡ್ಡದು, ಹೆಣ್ಣಿಗೇ ಬಣ್ಣ, ಗಂಟಲು ಕಪ್ಪಾಗಿರುವುದೂ ಹೆಣ್ಣಿಗೇ. ಮೊಟ್ಟೆಗೆ ಕಾವು ಕೊಡುವುದು ಗಂಡು. ಒಂದು ಗುಂಪೇ ಎದ್ದು ಹಾರಿತೆಂದರೆ ಬಟನ್ ಕ್ವೇಲ್ ಬಹುಮಟ್ಟಿಗೆ ಲೆಕ್ಕದಿಂದ ಹೊರಗೆ.

ಮಳೆಗಾಲದಲ್ಲಿ ಹುಲ್ಲುಗಾವಲಿನಿಂದ ಕೂಗುವ ರೇನ್ ಕ್ವೇಲ್, ಚಳಿಗಾಲದಲ್ಲಿ ಬರುವ ಕಾಮನ್ ಕ್ವೇಲ್ ಇನ್ನೊಂದು ಗುಂಪು. ಅವುಗಳ ಬೆನ್ನಿನ ಮೇಲೆ ಉದ್ದುದ್ದಕ್ಕೆ ತಿಳಿ ಗೆರೆಗಳು ಎದ್ದು ಕಾಣುತ್ತವೆ, ರೆಕ್ಕೆ ಪುರಲೆಯದಕ್ಕಿಂತ ನೀಳ, ಹಾರಾಟ ನೇರ. ರೇನ್ ಕ್ವೇಲ್ ಗಂಡಿನ ಎದೆಯ ಮೇಲೆ ಕಪ್ಪು ಮಚ್ಚೆಯೂ ಇರುತ್ತದೆ. ಪುರಲೆಯ ರೆಕ್ಕೆ ಗಿಡ್ಡ, ದುಂಡಗೆ; ರಪರಪ ಬಡಿದು ಸ್ವಲ್ಪ ದೂರ ಹೋಗಿ ದೊಪ್ಪನೆ ಇಳಿದು ಓಡತೊಡಗುತ್ತದೆ.

ಮೂರನೆಯ ಪುರಲೆಯೂ ಒಂದಿದೆ, ಪೇಂಟೆಡ್ ಬುಷ್ ಕ್ವೇಲ್. ಅದರ ಕೊಕ್ಕು ಮತ್ತು ಕಾಲು ಕೆಂಪು. ಮಲೆನಾಡಿನ ಹುಲ್ಲುಬೆಟ್ಟಗಳ ಅಂಚಿನಲ್ಲಿ, ಘಟ್ಟದ ರಸ್ತೆಬದಿಯಲ್ಲಿ ಕಾಣುವ ಈ ಹಕ್ಕಿಯನ್ನು ಕೊಕ್ಕು ನೋಡಿದವರು ಯಾರೂ ತಪ್ಪಾಗಿ ಗುರುತಿಸಲಾರರು.

ಹೋಟೆಲಿನ ಬೋರ್ಡಿನಲ್ಲಿ ಗೌಜಲಹಕ್ಕಿ ಎಂದು ಬರೆದು ಬಡಿಸುವ ಹಕ್ಕಿಗೂ ಇವಕ್ಕೂ ಸಂಬಂಧವಿಲ್ಲ. ಅದು ಫಾರಂನಲ್ಲಿ ಸಾಕಿದ ಜಪಾನಿ ಕ್ವೇಲ್. ನಿಜವಾದ ಗೌಜಲಹಕ್ಕಿ, ಅಂದರೆ ಗ್ರೇ ಫ್ರಾಂಕೊಲಿನ್, ಪುರಲೆಗಿಂತ ಎಷ್ಟೋ ದೊಡ್ಡದು, ಬೆಳಗಾಗುತ್ತಿದ್ದಂತೆ ಹೊಲದ ಬದುವಿನಿಂದ ಊರಿಗೆಲ್ಲ ಕೇಳುವಂತೆ ಕೂಗುವಂಥದು.

ಗಂಡೋ ಹೆಣ್ಣೋ ಆಮೇಲೆ ಗಂಟಲು

ಇಷ್ಟು ಕಳೆದ ಮೇಲೆ ಉಳಿಯುವುದು ನಿಜವಾದ ತಕರಾರು. ಇಲ್ಲಿ ಹೆಚ್ಚಿನವರು ಬಣ್ಣದ ಹಿಂದೆ ಬೀಳುತ್ತಾರೆ: ‘ಇದು ಹೆಚ್ಚು ಕೆಂಪು, ಹಾಗಾಗಿ ಕಲ್ಲು ಪುರಲೆ’, ‘ಇದು ಕಂದು, ಹಾಗಾಗಿ ಕಾಡು ಪುರಲೆ’. ಈ ದಾರಿ ಹಿಡಿದರೆ ಗುರಿ ಮುಟ್ಟುವುದಿಲ್ಲ. ಪುರಲೆಯ ಬಣ್ಣ ಊರಿನಿಂದ ಊರಿಗೆ, ಬೆಳಗಿನಿಂದ ಮಧ್ಯಾಹ್ನಕ್ಕೆ ಬದಲಾಗುತ್ತದೆ. ಬದಲಾಗದ್ದು ಒಂದೇ ಹಕ್ಕಿಯ ಮೈಮೇಲಿನ ಎರಡು ಭಾಗಗಳ ನಡುವಿನ ಸಂಬಂಧ. ಗಂಟಲು ಎಷ್ಟು ಕೆಂಪು ಎಂದು ಕೇಳಬೇಡಿ. ಗಂಟಲು ತನ್ನ ಪಕ್ಕದ ಗರಿಗಳಿಗಿಂತ ಬೇರೆಯಾಗಿ ಕಾಣುತ್ತದೆಯೇ ಎಂದು ಕೇಳಿ.

ಆದರೆ ಪಕ್ಕದ ಯಾವ ಗರಿ? ಅದಕ್ಕೆ ಮೊದಲು ಗಂಡೋ ಹೆಣ್ಣೋ ತಿಳಿಯಬೇಕು. ಹೊಟ್ಟೆಯ ಪಟ್ಟೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಟ್ಟೆ ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು.

ಗಂಡಾದರೆ ಗಂಟಲನ್ನು ಕೆನ್ನೆಯೊಂದಿಗೆ ಹೋಲಿಸಿ. ಕೆನ್ನೆ ಎಂದರೆ ಕಣ್ಣಿನ ಹಿಂದೆ ಕಿವಿಯನ್ನು ಮುಚ್ಚಿರುವ ಗರಿಗಳು. ಕಾಡು ಪುರಲೆಯ ಗಂಡಿನಲ್ಲಿ ಗಂಟಲು ಕಿತ್ತಳೆ ಬೆರೆತ ಕೆಂಗಂದು, ಕೆನ್ನೆ ಗಾಢ ಕಂದು. ಎರಡೂ ಬೇರೆ ಬೇರೆ. ಅಷ್ಟು ಸಾಲದು ಎಂಬಂತೆ ಇವೆರಡರ ನಡುವೆ ಕೊಕ್ಕಿನ ಬುಡದಿಂದ ಕೆಳಕ್ಕಿಳಿದು ಹಿಂದಕ್ಕೆ ಸಾಗುವ ಬಿಳಿ ಮೀಸೆ ಗೆರೆ. ಕಣ್ಣಿನ ಮೇಲೆ ಹುಬ್ಬು: ಅದೂ ಕೆಂಗಂದು, ಹಣೆಯಿಂದಲೇ ಶುರುವಾಗಿ ಕಣ್ಣನ್ನು ದಾಟಿ ಕತ್ತಿನ ಕಡೆಗೆ ಉದ್ದಕ್ಕೆ ಸಾಗುತ್ತದೆ, ಅದರ ಮೇಲಂಚಿಗೆ ಮತ್ತೊಂದು ಬಿಳಿ ಗೆರೆ. ಒಟ್ಟಿನಲ್ಲಿ ಮುಖದ ತುಂಬ ಗೆರೆ. ಬೈನಾಕ್ಯುಲರಿನಲ್ಲಿ ಒಂದು ಕ್ಷಣ ಸಿಕ್ಕರೂ ‘ಮುಖದಲ್ಲಿ ಏನೋ ಬಹಳ ಇದೆ’ ಎನ್ನಿಸುತ್ತದೆ.

ಕಲ್ಲು ಪುರಲೆಯ ಗಂಡಿನಲ್ಲಿ ಗಂಟಲೂ ಕೆನ್ನೆಯೂ ಒಂದೇ ಬಣ್ಣ, ಮಾಸಲು ಇಟ್ಟಿಗೆಗೆಂಪು. ಎಲ್ಲಿ ಗಂಟಲು ಮುಗಿಯಿತು, ಎಲ್ಲಿ ಕೆನ್ನೆ ಶುರುವಾಯಿತು ಎಂದು ಹೇಳುವ ಬಿಳಿ ಮೀಸೆ ಅಲ್ಲಿ ಕಾಣುವುದಿಲ್ಲ. ಹುಬ್ಬಿನ ಜಾಗದಲ್ಲಿ ತೆಳುವಾದ ಬಿಳಿ ಗೆರೆ ಇರುತ್ತದೆ, ಆದರೆ ಅದರ ಕೆಳಗೆ ಕೆಂಗಂದು ಪಟ್ಟಿ ಇಲ್ಲ, ಕಾಡು ಪುರಲೆಯದರಷ್ಟು ಉದ್ದವೂ ಇಲ್ಲ. ಮುಖ ಸಾದಾ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಗಂಡು ಕಲ್ಲು ಪುರಲೆಯ ಕೆಂಪು ಗಂಟಲು ಅದರ ಕಪ್ಪು-ಬಿಳಿ ಪಟ್ಟೆಯ ಎದೆಯ ಪಕ್ಕದಲ್ಲಿ ಎದ್ದು ಕಾಣುತ್ತದೆ. ಅದನ್ನು ಕಂಡು, ಗಂಟಲು ಬೇರೆ ಬಣ್ಣ ಇದೆಯಲ್ಲ, ಹಾಗಾದರೆ ಕಾಡು ಪುರಲೆ ಎಂದು ತೀರ್ಮಾನಿಸಿಬಿಡುತ್ತಾರೆ. ಗಂಡಿನಲ್ಲಿ ಗಂಟಲನ್ನು ಎದೆಯೊಂದಿಗೆ ಹೋಲಿಸುವಂತೆಯೇ ಇಲ್ಲ. ಎರಡೂ ಜಾತಿಯ ಗಂಡುಗಳಲ್ಲಿ ಆ ವ್ಯತ್ಯಾಸ ಇದ್ದೇ ಇರುತ್ತದೆ. ಕೆನ್ನೆಯನ್ನೇ ನೋಡಬೇಕು.

ಹೆಣ್ಣಿನಲ್ಲಿ ಲೆಕ್ಕ ತಿರುಗುತ್ತದೆ. ಇಲ್ಲಿ ಗಂಟಲನ್ನು ಎದೆಯೊಂದಿಗೆ ಹೋಲಿಸಬೇಕು. ಕಾಡು ಪುರಲೆಯ ಹೆಣ್ಣಿನ ಎದೆ-ಹೊಟ್ಟೆ ಗುಲಾಬಿ ಛಾಯೆಯ ಮಾಸಲು ಕಂದು, ಮುಖ ಮಾತ್ರ ಗಂಡಿನದೇ ಪಡಿಯಚ್ಚು: ಅದೇ ಉದ್ದ ಹುಬ್ಬು, ಅದೇ ಬಿಳಿ ಮೀಸೆ, ಅದೇ ಕೆಂಗಂದು ಗಂಟಲು. ಎದೆ ಸಾದಾ ಆದದ್ದರಿಂದ ಆ ಗಂಟಲು ಇನ್ನಷ್ಟು ಎದ್ದು ಕಾಣುತ್ತದೆ, ಅದರ ಕೆಳಗಿನ ಅಂಚನ್ನು ಬೆರಳಿಟ್ಟು ತೋರಿಸಬಹುದು. ಕಲ್ಲು ಪುರಲೆಯ ಹೆಣ್ಣಿನಲ್ಲಿ ಅಂಥ ಅಂಚೇ ಇಲ್ಲ. ಕೆನ್ನೆ, ಗಂಟಲು, ಎದೆ, ಹೊಟ್ಟೆ ಎಲ್ಲವೂ ಕೆಮ್ಮಣ್ಣಿನಿಂದ ಒಂದೇ ಸಲ ಸಾರಿಸಿದ ಹಾಗೆ. ಗದ್ದದ ಹತ್ತಿರ, ಕೊಕ್ಕಿನ ಬುಡದಲ್ಲಿ ಮಾತ್ರ ಕೊಂಚ ಬಿಳುಪು ಇರುವುದುಂಟು. ಹುಬ್ಬು ಗಿಡ್ಡ, ಮಸುಕು.

ನನ್ನ ಮಟ್ಟಿಗೆ ಇಡೀ ಗುರುತಿನಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದದ್ದು ಈ ಹೆಣ್ಣುಗಳೇ. ಛಾಯಾಗ್ರಾಹಕರು ಪಟ್ಟೆಯ ಗಂಡಿನ ಹಿಂದೆ ಬಿದ್ದು ಹೆಣ್ಣನ್ನು ಚೌಕಟ್ಟಿನಿಂದ ಹೊರಗಿಡುವುದು ರೂಢಿ. ಆದರೆ ಮಸುಕು ಫೋಟೋದಲ್ಲಿ, ಅರ್ಧ ಹುಲ್ಲು ಮುಚ್ಚಿದ ಫೋಟೋದಲ್ಲಿ ಗಂಡುಗಳ ಮುಖದ ಗೆರೆಗಳು ಪಟ್ಟೆಗಳ ಗಲಾಟೆಯಲ್ಲಿ ಕಲಸಿಹೋಗುತ್ತವೆ. ಹೆಣ್ಣಿನ ಮೈಮೇಲೆ ಬೇರೆ ಗಲಾಟೆ ಇಲ್ಲ. ಕೆಂಗಂದು ಗಂಟಲಿದೆ, ಇಲ್ಲವೇ ಇಲ್ಲ, ಅಷ್ಟೇ ಪ್ರಶ್ನೆ. ಒಂದು ಗುಂಪಿನಲ್ಲಿ ಒಂದೇ ಒಂದು ಹೆಣ್ಣು ಸ್ಪಷ್ಟವಾಗಿ ಸಿಕ್ಕರೂ ಉಳಿದವುಗಳ ಹೆಸರು ಬಹುಪಾಲು ತಾನಾಗಿ ಹೊರಬೀಳುತ್ತದೆ, ಯಾಕೆಂದರೆ ಗುಂಪು ಸಾಮಾನ್ಯವಾಗಿ ಒಂದೇ ಜಾತಿಯದು.

ಬೆನ್ನಿನ ಗುರುತನ್ನೂ ಹೇಳುವವರಿದ್ದಾರೆ. ಕಾಡು ಪುರಲೆಯ ಬೆನ್ನು-ರೆಕ್ಕೆಗಳ ಮೇಲೆ ಕಪ್ಪು ಮಚ್ಚೆ ಮತ್ತು ಕೆನೆ ಬಣ್ಣದ ಗೀರು ಹೆಚ್ಚು, ಕಲ್ಲು ಪುರಲೆಯ ಮೇಲ್ಮೈ ಅದಕ್ಕಿಂತ ಸಪಾಟು. ಇದು ನಿಜ, ಆದರೆ ಬೆಂಬಲದ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ. ಒಂದು ಗುಂಪಿನೊಳಗೇ ಒಂದು ಹಕ್ಕಿಗೂ ಇನ್ನೊಂದಕ್ಕೂ ಮಚ್ಚೆ ಹೆಚ್ಚು-ಕಡಿಮೆ ಇರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶವಂತೂ ಯಾರಿಗೂ ಸಿಗುವುದಿಲ್ಲ.

ಮಣ್ಣಿನ ಬಣ್ಣ ಮೈಗೆ

ಬಣ್ಣವನ್ನು ನಂಬಬೇಡಿ ಎಂದದ್ದಕ್ಕೆ ಕಾರಣ ಕಾಲ ಕೆಳಗೇ ಇದೆ. ಪುರಲೆಗೆ ಬದುಕುಳಿಯುವ ಮೊದಲ ಉಪಾಯ ಹಾರುವುದಲ್ಲ, ಅಡಗುವುದು. ಅಪಾಯ ಕಂಡರೆ ಗುಂಪಿಗೆ ಗುಂಪೇ ಪೊದೆಯ ಕೆಳಗೆ ಒತ್ತೊತ್ತಾಗಿ ನೆಲಕ್ಕಂಟಿ ಕೂರುತ್ತದೆ. ಇನ್ನೇನು ತುಳಿದೇಬಿಟ್ಟರು ಎನ್ನುವಾಗ ಏಳುತ್ತದೆ. ಡೇಗೆ, ನರಿ, ಮುಂಗುಸಿಗಳ ಕಣ್ಣು ತಪ್ಪಿಸಬೇಕಾದರೆ ಬೆನ್ನಿನ ಬಣ್ಣ ಆ ಊರಿನ ಮಣ್ಣಿಗೆ ಹೊಂದಿಕೊಂಡೇ ಇರಬೇಕು. ಹೊಂದದವು ಬೇಟೆಯಾಗುತ್ತವೆ, ಹೊಂದಿದವು ಮರಿ ಮಾಡುತ್ತವೆ. ತಲೆಮಾರುಗಳ ಮೇಲೆ ತಲೆಮಾರು ಹೀಗೆ ನಡೆದರೆ ಒಂದೇ ಜಾತಿಯಲ್ಲಿ ಕೆಮ್ಮಣ್ಣಿನ ಸೀಮೆಗೆ ಕೆಂಪು ಹಕ್ಕಿ, ಮರಳು ಸೀಮೆಗೆ ಬಿಳಿಚಿದ ಹಕ್ಕಿ ಎಂದಾಗುತ್ತದೆ. ದೂರ ಹಾರದ, ಹುಟ್ಟಿದ ಸುತ್ತಮುತ್ತಲೇ ಸಾಯುವ ಹಕ್ಕಿಗಳಲ್ಲಿ ಇದು ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಕಲ್ಲು ಪುರಲೆಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಕರ್ನಲ್ ಸೈಕ್ಸ್, 1832ರಲ್ಲಿ, ದಖ್ಖನಿನ ಹಕ್ಕಿಗಳ ಪಟ್ಟಿಯೊಂದರಲ್ಲಿ. ಕೆಂಪು ಕೊಕ್ಕಿನ ಪೇಂಟೆಡ್ ಬುಷ್ ಕ್ವೇಲ್‌ಗೂ ಅದೇ ವರ್ಷ ಅವನೇ ಹೆಸರಿಟ್ಟ. ಇಪ್ಪತ್ತನೆಯ ಶತಮಾನದಲ್ಲಿ ಪಕ್ಷಿತಜ್ಞ ಹ್ಯೂ ವಿಸ್ಲರ್ ಕಲ್ಲು ಪುರಲೆಯೊಳಗಿನ ಬಣ್ಣದ ಭೇದಗಳನ್ನು ಬಿಡಿಸಿದ. ವಾಯವ್ಯದ ಒಣ ಬಯಲಿನ ತಿಳಿ ಬಣ್ಣದ್ದಕ್ಕೆ 1937ರಲ್ಲಿ ಒಂದು ಹೆಸರು. ನಮ್ಮ ಕೆಮ್ಮಣ್ಣು ನಾಡಿನ ಇಟ್ಟಿಗೆಗೆಂಪಿನದಕ್ಕೆ 1943ರಲ್ಲಿ ಇನ್ನೊಂದು: ಸಲೀಂಆಲಿ. ಹೌದು, ಸಲೀಂ ಅಲಿಯವರ ಹೆಸರೇ. ಅವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದರು, ಅದರ ವರದಿ ವಿಸ್ಲರ್ ಜೊತೆಗೂಡಿ ಬಂತು. ವಿಸ್ಲರ್ ತೀರಿಕೊಂಡದ್ದೂ 1943ರಲ್ಲೇ. ಕರ್ನಾಟಕದ ಕೆಮ್ಮಣ್ಣಿನ ಮೇಲೆ ಓಡಾಡುವ ಒಂದು ಪುರಲೆ ಉಪಜಾತಿಗೆ ಭಾರತದ ಅತ್ಯಂತ ಪ್ರಸಿದ್ಧ ಪಕ್ಷಿತಜ್ಞನ ಹೆಸರಿದೆ ಎಂಬುದು ಇಲ್ಲಿನ ಹಕ್ಕಿಪ್ರಿಯರಿಗೇ ಅಷ್ಟಾಗಿ ಗೊತ್ತಿಲ್ಲ.

ಕೆಂಪು ಅಂದರೆ ಕಲ್ಲು ಪುರಲೆ ಎಂಬ ಸುಲಭ ಸೂತ್ರ ಹುಟ್ಟಿದ್ದು ಬಹುಶಃ ಈ ಕೆಮ್ಮಣ್ಣಿನ ಹಕ್ಕಿಯಿಂದಲೇ. ಆದರೆ ಕಾಡು ಪುರಲೆಯೂ ಇದೇ ಆಟ ಆಡುತ್ತದೆ. ಅದರಲ್ಲೂ ಹಲವು ಉಪಜಾತಿಗಳಿವೆ. ಪಂಜಾಬಿನ ಕಡೆಯದು ತಿಳಿ ಬಣ್ಣ; ಕೊಂಕಣದಿಂದ ಕೆಳಗೆ ಜಂಬಿಟ್ಟಿಗೆ ನೆಲದ ಪಶ್ಚಿಮ ಕರಾವಳಿಯ ಸೀಮೆಯದು ಕೆಂಪು. ಹಾಗಾಗಿ ಉತ್ತರ ಭಾರತದ ಹಕ್ಕಿಯನ್ನು ಮುಂದಿಟ್ಟುಕೊಂಡು ಬರೆದ ಚಿತ್ರವನ್ನು ನೋಡಿ, ನಮ್ಮ ಕೆಂಪು ಕಾಡು ಪುರಲೆಯನ್ನು ಕಲ್ಲು ಪುರಲೆ ಎಂದು ಬರೆದುಕೊಂಡವರು ಇದ್ದಾರೆ. ಗುಜರಾತಿನ ಬಿಳಿಚಿದ ಕಲ್ಲು ಪುರಲೆಯ ಫೋಟೋ ನೋಡಿ ಇದು ನಮ್ಮಲ್ಲಿಯದಲ್ಲವೇ ಅಲ್ಲ ಎಂದವರೂ ಇದ್ದಾರೆ. ಮಣ್ಣು ಬೆನ್ನಿನ ಬಣ್ಣ ಬದಲಿಸುತ್ತದೆ, ಮುಖದ ಮೀಸೆ ಬದಲಿಸುವುದಿಲ್ಲ.

ಮಣ್ಣು ಮಾಡುವ ಕೆಲಸವನ್ನೇ ಬೆಳಕೂ ಮಾಡುತ್ತದೆ. ಹೊತ್ತು ಮೂಡಿದ ಅರ್ಧ ಗಂಟೆಯಲ್ಲಿ ತೆಗೆದ ಯಾವ ಹಕ್ಕಿಯೂ ಕೆಂಪೇ. ಮೋಡದ ದಿನ ಅದೇ ಹಕ್ಕಿ ಬೂದು. ಮೊಬೈಲ್ ತನ್ನ ಪಾಡಿಗೆ ಬಣ್ಣ ಏರಿಸಿಕೊಟ್ಟರೆ ಕೇಳಲೇಬೇಡಿ. ಇಷ್ಟಾದರೂ ಒಂದೇ ಚಿತ್ರದಲ್ಲಿ, ಒಂದೇ ಬೆಳಕಿನಲ್ಲಿ, ಒಂದೇ ಹಕ್ಕಿಯ ಗಂಟಲು ಮತ್ತು ಕೆನ್ನೆ ಒಟ್ಟಿಗೇ ಕೆಂಪಾಗುತ್ತವೆ, ಒಟ್ಟಿಗೇ ಮಾಸುತ್ತವೆ. ಬೇರೆಯಿದ್ದದ್ದು ಬೇರೆಯಾಗಿಯೇ ಉಳಿಯುತ್ತದೆ. ಬಣ್ಣದ ಹೆಸರಿಗಿಂತ ಬಣ್ಣಗಳ ಸಂಬಂಧಕ್ಕೆ ಜೋತುಬೀಳಬೇಕು ಎನ್ನುವುದು ಇದಕ್ಕೇ.

ಜಾಗ, ದನಿ

ಈಗ ಹೆಸರುಗಳ ಮಾತು. ಕಲ್ಲು ಪುರಲೆ ಹೆಚ್ಚು ಒಣಗಿದ, ಹೆಚ್ಚು ಬಯಲಾದ ನೆಲದ ಹಕ್ಕಿ: ಕಲ್ಲುಗುಡ್ಡದ ಬುಡ, ಮುಳ್ಳುಕಂಟಿ, ತಂಗಡಿ-ಬಂದರೆ ಗಿಡಗಳ ಬೋರೆ, ಮಳೆಯಾಶ್ರಿತ ಹೊಲದಂಚು. ಕಾಡು ಪುರಲೆಗೆ ಸ್ವಲ್ಪ ಹೆಚ್ಚು ಮರೆ ಬೇಕು: ಎಲೆ ಉದುರಿಸುವ ಕಾಡು, ಪೊದೆ ಬೆರೆತ ಹುಲ್ಲು. ಬಂಡೀಪುರ, ನಾಗರಹೊಳೆಯ ಕಾಡುದಾರಿಗಳಲ್ಲಿ ಸಫಾರಿ ಜೀಪಿನ ಮುಂದೆ ಸಾಲಾಗಿ ಓಡುವ ಪುರಲೆಗಳು ಕಾಡು ಪುರಲೆಗಳಾಗಿರುವ ಸಾಧ್ಯತೆಯೇ ಹೆಚ್ಚು.

ಹರವಿನಲ್ಲೂ ವ್ಯತ್ಯಾಸ ಇದೆ. ಕಾಡು ಪುರಲೆ ಹಿಮಾಲಯದ ತಪ್ಪಲಿನಿಂದ ದಕ್ಷಿಣದ ತುದಿಯವರೆಗೂ ಇದೆ, ಶ್ರೀಲಂಕಾದಲ್ಲೂ ಇದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಜನ ಕೊಂಡೊಯ್ದು ಬಿಟ್ಟ ಹಕ್ಕಿಗಳು ಅಲ್ಲಿಯೂ ನೆಲೆ ನಿಂತಿವೆ. ಕಲ್ಲು ಪುರಲೆ ಭಾರತ ಬಿಟ್ಟು ಬೇರೆಲ್ಲೂ ಇಲ್ಲ.

ಆದರೆ ಕರ್ನಾಟಕದ ನಡುಭಾಗದಲ್ಲಿ, ಚಿತ್ರದುರ್ಗ-ಬಳ್ಳಾರಿ-ತುಮಕೂರಿನ ಕಡೆ, ಎರಡರ ಹರವೂ ಒಂದರ ಮೇಲೊಂದು ಬರುತ್ತದೆ. ಹಂಪಿಯ ಹತ್ತಿರದ ದರೋಜಿ ಕರಡಿಧಾಮ ಇದಕ್ಕೆ ಒಳ್ಳೆಯ ಉದಾಹರಣೆ. 1994ರಲ್ಲಿ ಕರಡಿಗಳಿಗೆಂದು ಘೋಷಿಸಿದ ಈ ಜಾಗದಲ್ಲಿ ಬಂಡೆಗುಡ್ಡವೂ ಇದೆ, ಅದರ ನಡುವೆ ಪೊದೆ ದಟ್ಟವಾದ ಕುರುಚಲು ಕಾಡೂ ಇದೆ. ಎರಡೂ ಪುರಲೆಗಳು ಇಲ್ಲಿ ಸಿಗುತ್ತವೆ. ಕಲ್ಲು ಪುರಲೆ ನೋಡಲೆಂದೇ ದೂರದಿಂದ ಬರುವವರಿದ್ದಾರೆ, ಬಂದವರು ಕಂಡದ್ದೆಲ್ಲವನ್ನೂ ಕಲ್ಲು ಪುರಲೆ ಎಂದೇ ಬರೆದುಕೊಂಡು ಹೋಗುವುದೂ ಉಂಟು. ನೀರಿನ ಹೊಂಡದ ಬಳಿ ಬೆಳಿಗ್ಗೆ ಕಾದು ಕೂತರೆ ಪುರಲೆಗಳು ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ಮುಂದಿನದು ತಲೆಯೆತ್ತಿ ನಿಲ್ಲುತ್ತದೆ, ಹಿಂದಿನವೂ ನಿಲ್ಲುತ್ತವೆ. ನೀರಿಗೆ ಕೊಕ್ಕಿಟ್ಟು ನುಂಗಲು ತಲೆ ಮೇಲಕ್ಕೆತ್ತಿದಾಗ ಗಂಟಲು ಪೂರ್ತಿ ಎದುರಿಗೆ ಬರುತ್ತದೆ. ಬೇಕಾದದ್ದು ಅದೊಂದೇ ಗಳಿಗೆ. ಬಾಗಿದಾಗ ಕ್ಯಾಮೆರಾ ಒತ್ತಿದರೆ ನೆತ್ತಿ, ಬೆನ್ನು ಮಾತ್ರ ಸಿಗುತ್ತವೆ. ಆ ಚಿತ್ರ ಚೆಂದ ಬಂದೀತು, ಹೆಸರು ಹೇಳದು.

ಜಾಗವನ್ನು ಹೀಗೆ ಬಳಸಿ: ಎರಡೂ ಸಿಗುವ ಕಡೆ ಅದಕ್ಕೆ ಕಿಮ್ಮತ್ತು ಕೊಡಬೇಡಿ. ಒಂದು ಮಾತ್ರ ಸಿಗುವ ಕಡೆ, ಇನ್ನೊಂದನ್ನು ಕಂಡೆ ಎನ್ನಿಸಿದರೆ ಮುಖ ಮತ್ತೊಮ್ಮೆ ನೋಡಿ.

ದನಿ ಹೆಚ್ಚು ಉಪಯೋಗಕ್ಕಿಲ್ಲ. ಕಾಡು ಪುರಲೆಯ ಗಂಡು ‘ಚೀ-ಚೀ-ಚಕ್, ಚೀ-ಚೀ-ಚಕ್’ ಎಂದು ಕರ್ಕಶವಾಗಿ, ತಾಳ ಹಿಡಿದಂತೆ ಕೂಗುತ್ತದೆ. ಗುಂಪು ಚದುರಿದ ಮೇಲೆ ಮೆಲ್ಲಗೆ ‘ವ್ಹಿ-ವ್ಹಿ-ವ್ಹಿ’ ಎಂದು ಒಂದನ್ನೊಂದು ಕರೆದು ಮತ್ತೆ ಕೂಡಿಕೊಳ್ಳುತ್ತವೆ. ಈ ಮೆಲುದನಿ ಕೇಳಿದರೆ ಅಲ್ಲಾಡದೆ ಕೂತುಬಿಡುವುದು ಜಾಣತನ. ಹಾರಿಹೋದ ಹಕ್ಕಿಗಳು ಓಡುತ್ತಲೇ ಹಿಂದಿರುಗುತ್ತವೆ, ಆಗ ಮುಖ ನೋಡಲು ಎರಡನೆಯ ಅವಕಾಶ. ಕಲ್ಲು ಪುರಲೆಯ ದನಿಯೂ ಹೆಚ್ಚುಕಡಿಮೆ ಇದೇ ಧಾಟಿಯದು. ಬರೀ ಕೂಗು ಕೇಳಿ ಹೆಸರು ಬರೆಯಲು ಹೋಗಬೇಡಿ.

ಮರಿಗಳೂ ಇದೇ ಲೆಕ್ಕ. ಬೆಳೆಯುತ್ತಿರುವ ಹಕ್ಕಿಗಳಿಗೆ ಗಂಟಲಿನ ಬಣ್ಣ ಇನ್ನೂ ಕೂಡಿರುವುದಿಲ್ಲ, ಮೈಮೇಲೆ ತಿಳಿ ಗೀರುಗಳಿರುತ್ತವೆ, ಎಳೆಯ ಗಂಡುಗಳಲ್ಲಿ ಪಟ್ಟೆ ಅರ್ಧಂಬರ್ಧ. ಜೊತೆಯಲ್ಲಿರುವ ದೊಡ್ಡ ಹಕ್ಕಿಯನ್ನು ಹುಡುಕಿ.

ಬೇರೆ ಮಾಡಿ ಏನಾಗಬೇಕು?

ಶಿಕಾರಿಯ ಕಾಲದಲ್ಲಿ ಈ ಪ್ರಶ್ನೆ ನಿಜಕ್ಕೂ ಇತ್ತು. 1879ರಿಂದ 1881ರ ನಡುವೆ ಹ್ಯೂಮ್ ಮತ್ತು ಮಾರ್ಷಲ್ ಭಾರತದ ಬೇಟೆಹಕ್ಕಿಗಳ ಬಗ್ಗೆ ಮೂರು ಸಂಪುಟ ತಂದಾಗ ಬಂದೂಕು ಹಿಡಿದ ಓದುಗರೇ ಅವರ ಕಣ್ಣ ಮುಂದಿದ್ದದ್ದು. ಪುರಲೆಯನ್ನು ಆಗ ಜಗಳಕ್ಕೂ ಸಾಕುತ್ತಿದ್ದರು. ಗಂಡುಗಳು ಕಾದಾಟದಲ್ಲಿ ಬಿಡದ ಹಟದವು. ಕೈಗೆ ಸಿಕ್ಕ ಹಕ್ಕಿಯ ಗರಿ ಬಿಡಿಸಿ ನೋಡುವ ಅನುಕೂಲ ಆಗಿನವರಿಗಿತ್ತು. ಈಗ ಎರಡು ಪುರಲೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 1991ರ ತಿದ್ದುಪಡಿಯ ಬಳಿಕ ಶಿಕಾರಿ ಪರವಾನಗಿ ಎಂಬುದೇ ಹೋಯಿತು. ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಉಳಿದದ್ದು ದೂರದಿಂದ ನೋಡಿ ಬರೆದುಕೊಳ್ಳುವುದು.

ಆ ಬರಹಕ್ಕೆ ಈಗ ಬೆಲೆ ಇದೆ. ಎರಡೂ ಜಾತಿಗಳು ಸದ್ಯಕ್ಕೆ ಅಳಿವಿನ ಭಯದ ಪಟ್ಟಿಯಲ್ಲಿಲ್ಲ. ಆದರೆ ಕಲ್ಲು ಪುರಲೆ ನೆಚ್ಚಿಕೊಂಡ ನೆಲ ಕಂದಾಯ ದಾಖಲೆಯಲ್ಲಿ ಖರಾಬು, ಸರ್ಕಾರಿ ಲೆಕ್ಕದಲ್ಲಿ ಪಾಳು. ಕಾಡು ಎಂದು ಯಾರೂ ಅದನ್ನು ಗಣಿಸುವುದಿಲ್ಲ. ಕ್ವಾರಿ, ಲೇಔಟು, ಸೋಲಾರ್ ಎಂದಾಗ ಮೊದಲು ನೆನಪಾಗುವುದೂ ಅದೇ. ಗಿಡ ನೆಡುವ ಉತ್ಸಾಹಿಗಳೂ ಇಂಥ ಬಯಲಿಗೇ ಗುದ್ದಲಿ ಹಿಡಿದು ಬರುತ್ತಾರೆ. ಮರ ದಟ್ಟವಾದರೆ ಕಾಡು ಪುರಲೆ ಒಂದಿಷ್ಟು ಹೊಂದಿಕೊಂಡೀತು, ಬಯಲನ್ನೇ ನಂಬಿದ ಕಲ್ಲು ಪುರಲೆಗೆ ಜಾಗವಿರದು. ಒಂದು ಬೋರೆಯಲ್ಲಿ ಯಾವುದು ಇತ್ತು, ಯಾವುದು ಹೋಯಿತು ಎಂಬುದು ತಿಳಿಯಬೇಕಾದರೆ ಹತ್ತು ವರ್ಷದ ಹಿಂದಿನ ಪಟ್ಟಿಯಲ್ಲಿ ಎರಡರ ಹೆಸರೂ ಸರಿಯಾಗಿ ಬಿದ್ದಿರಬೇಕು. ಎಲ್ಲವನ್ನೂ ಒಂದೇ ಹೆಸರಿನಡಿ ತುರುಕಿದ್ದರೆ ಆ ಬದಲಾವಣೆ ಕಾಣಿಸುವುದೇ ಇಲ್ಲ.

ಹಾಗಾಗಿ ಪುರಲೆ ಕಂಡಾಗ ಬರೆದುಕೊಳ್ಳಬೇಕಾದದ್ದು ಹೆಸರಿಗಿಂತ ಮೊದಲು ಗುರುತು: ಗಂಡು, ಮೀಸೆ ಗೆರೆ ಇತ್ತು, ಕೆನ್ನೆ ಕಂದು, ಗಂಟಲು ಕೆಂಗಂದು. ಅಥವಾ ಹೆಣ್ಣು, ಗಂಟಲು ಎದೆ ಒಂದೇ ಬಣ್ಣ. ಮುಂದೆ ಯಾರಾದರೂ ಪ್ರಶ್ನಿಸಿದರೆ ನೀವಿಟ್ಟ ಹೆಸರಿಗಿಂತ ಈ ಸಾಲು ಗಟ್ಟಿ. ಗಂಟಲು ಕಾಣದೆ ಬೆನ್ನು ಮಾತ್ರ ಕಂಡಿದ್ದರೆ ‘ಪುರಲೆ, ಜಾತಿ ಗೊತ್ತಾಗಲಿಲ್ಲ’ ಎಂದು ಬರೆದು ಮುಂದೆ ನಡೆಯಿರಿ.